ಕಾಫಿ ಮುಗಿಯುವವರೆಗೆ ಕಾಯುವ ರೈಲು

ನಮ್ಮ ಮೊಂತೆರೊನ್ಕೊ ನಿಲ್ದಾಣದಿಂದ ರೈಲು ಹೊರಡುತ್ತಿದ್ದುದು ಗಡಿಯಾರ ನೋಡಿಕೊಂಡಲ್ಲ, ಜೆಲಿಂದಾಳ ಕೈ ನೋಡಿಕೊಂಡು. ಬೆಟ್ಟದಿಂದ ಇಳಿದು ಬರುವ ಎರಡು ಡಬ್ಬಿಯ ಗಾಡಿ ಬಂದು ನಿಂತ ಕೂಡಲೆ ಚಾಲಕ ಒರಿಯಾನೊ ಇಳಿದು, ಪ್ಲಾಟ್‌ಫಾರ್ಮಿಗೇ ಬಾಗಿಲು ತೆರೆದುಕೊಂಡಿದ್ದ ಅವಳ ಕಾಫಿ ಅಂಗಡಿಗೆ ಬರುತ್ತಿದ್ದ. ಬೆರಳಿನಷ್ಟು ಎತ್ತರದ ಕಪ್‌ನಲ್ಲಿ ಎರಡು ಗುಟುಕು ಕಾಫಿ. ಅವನು ಕುಡಿದು ಮುಗಿಸಿದ ಮೇಲೆ ಜೆಲಿಂದಾ ಕಪ್ಪನ್ನು ಅವನ ಕೈಯಿಂದ ತೆಗೆದುಕೊಂಡರೆ ಗಾಡಿ ಹೊರಟಂತೆ. ಚರ್ಚಿನ ಹಿಂದಿನ ಇಳಿಜಾರಿನಲ್ಲಿ ಯಾರಾದರೂ ಓಡೋಡಿ ಬರುತ್ತಿರುವುದು ಕಂಡರೆ ಅವಳು ಕಪ್ ತೆಗೆದುಕೊಳ್ಳುತ್ತಿರಲಿಲ್ಲ. ಬದಲಿಗೆ ಒಂದು ಬಿಸ್ಕತ್ತು ಕೊಡುತ್ತಿದ್ದಳು. ಬರುತ್ತಿರುವವರು ವಯಸ್ಸಾದವರಾದರೆ ಎರಡು. ಒರಿಯಾನೊ ಏನೂ ಕೇಳದೆ ತಿನ್ನುತ್ತಿದ್ದ. ನಾನು ಪಟ್ಟಣದ ಕಾಲೇಜಿಗೆ ಹೋಗುತ್ತಿದ್ದ ವರ್ಷಗಳಲ್ಲಿ ನನ್ನ ಸಲುವಾಗಿಯೂ ಆ ಮನುಷ್ಯ ಬಹಳಷ್ಟು ಬಿಸ್ಕತ್ತು ತಿಂದಿದ್ದಾನೆ.

"ಯಾಕೆ ಆತುರ, ನಿಧಾನವಾಗಿ ಕುಡೀರಿ. ರೈಲು ಕಾಯತ್ತೆ." ಜೆಲಿಂದಾ ಜೀವನದಲ್ಲಿ ಅತಿ ಹೆಚ್ಚು ಸಲ ಆಡಿದ ಮಾತು ಇದೇ ಇರಬೇಕು.

ಇಷ್ಟು ಜನರನ್ನು ರೈಲು ಹತ್ತಿಸಿದ ಅವಳು ಸ್ವತಃ ರೈಲು ಹತ್ತಿದ್ದು ಹಲ್ಲಿನ ವೈದ್ಯರ ಬಳಿಗೆ ಹೋಗುವಾಗ ಮಾತ್ರ. ಅದೂ ಮುಂದಿನ ಊರಿಗೆ. ಉಳಿದ ಪ್ರಯಾಣವೆಲ್ಲ ಗಂಡ ಅದೆಲ್ಮೊನ ಕಾರಿನಲ್ಲಿ.

ಅದೆಲ್ಮೊಗೆ ರೈಲೆಂದರೆ ತಾತ್ಸಾರ. ನಿಲ್ದಾಣದ ಪಕ್ಕದಲ್ಲೇ ಅವನ ರಿಪೇರಿ ಅಂಗಡಿ. ಇಟಲಿಯ ನಮ್ಮ ರೊಮಾನ್ಯಾ ಸೀಮೆಯ ಗಂಡಸರಿಗೆ ಇಂಜಿನ್ ಸದ್ದೆಂದರೆ ಮೊದಲೇ ಹುಚ್ಚು. ಆ ಹುಚ್ಚರಿಗೆಲ್ಲ ಇವನು ಗುರು. ಗಾಡಿಗಾಗಿ ನಿಂತವರನ್ನು ನೋಡಿ, ಕೈಗಂಟಿದ ಎಣ್ಣೆ ಒರೆಸಿಕೊಳ್ಳುತ್ತ, "ಏನ್ರಪ್ಪಾ, ಯಾರೋ ಎಳ್ಕೊಂಡು ಹೋಗ್ಲಿ ಅಂತ ಕಾಯ್ತಿದ್ದೀರಾ?" ಎಂದು ಕೆಣಕದಿದ್ದರೆ ಅವನಿಗೆ ಬೆಳಗಾಗುತ್ತಿರಲಿಲ್ಲ.

ಮದುವೆಯಾದ ಹೊಸದರಲ್ಲಿ ಇಬ್ಬರೂ ರೋಮ್‌ಗೆ ಹೊರಟಿದ್ದರು. ನಗರ ಇನ್ನೇನು ಬಂತು ಎನ್ನುವಾಗ ಅದೆಲ್ಮೊಗೆ ಇಂಜಿನ್ನಿನಲ್ಲಿ ಏನೋ ಟಕಟಕ ಕೇಳಿಸಿತು. ಜೆಲಿಂದಾಗೆ ಕೇಳಿಸಲಿಲ್ಲ. ಹೊರವಲಯದ ಒಂದು ಟೈರ್ ಅಂಗಡಿಯ ಮುಂದೆ ಕಾರಿನ ಹೊಟ್ಟೆ ಬಿಚ್ಚಿ ಕೂತವನು ಸಂಜೆ ಎದ್ದು, "ಸರಿಹೋಯ್ತು, ನಡಿ, ಮನೆಗೆ ಹೋಗೋಣ" ಅಂದ. ರೋಮ್‌ನಲ್ಲಿ ಏನೇನು ನೋಡಿದೆ ಎಂದು ಯಾರಾದರೂ ಕೇಳಿದರೆ ಜೆಲಿಂದಾ, "ಟೈರು" ಎನ್ನುತ್ತಿದ್ದಳು. ಆಮೇಲಿನ ಪ್ರಯಾಣಗಳೂ ಹೆಚ್ಚು ಕಡಿಮೆ ಇದೇ ಜಾತಿಯವು. ಎಡಬದಿಯ ಸೀಟಿನಲ್ಲಿ ಕೂತು ಸ್ಟೀರಿಂಗ್ ಹಿಡಿದರೆ ಅದೆಲ್ಮೊ ಎಡಕ್ಕೆ ನೋಡುವವನಲ್ಲ, ಬಲಕ್ಕೆ ನೋಡುವವನಲ್ಲ. ಕೇಳಿದ್ದಕ್ಕೆ "ಹೂಂ" ಎನ್ನುವನು.

"ನನ್ ಗಂಡನ ಬಲಗಿವಿ ನಂಗೆ ಬಾಯಿಪಾಠ," ಎಂದು ಜೆಲಿಂದಾ ನಗುತ್ತಿದ್ದಳು. "ಮಚ್ಚೆ ಎಲ್ಲಿದೆ, ಕೂದಲು ಎಲ್ಲಿದೆ, ಎಲ್ಲಾ ಹೇಳ್ತೀನಿ. ಮುಖ ಕೇಳ್ಬೇಡಿ."

ನಗುತ್ತಲೇ ಹೇಳುತ್ತಿದ್ದಳು, ಆದರೆ ಅದು ನಿಜವಾಗಿತ್ತು. ಹಗಲೆಲ್ಲ ಅವಳು ಅಂಗಡಿಯ ಕಟ್ಟೆಯ ಹಿಂದೆ, ಅವನು ಯಾವುದೋ ಕಾರಿನ ಕೆಳಗೆ. ಮನೆಯಲ್ಲಿ ಟೀವಿಯ ಕಡೆಗೆ ಇಬ್ಬರ ಮುಖವೂ. ಕಾರಿನಲ್ಲಿ ರಸ್ತೆಯ ಕಡೆಗೆ. ಸಂಸಾರ ಮಾಡಿದ ಇಷ್ಟು ವರ್ಷಗಳಲ್ಲಿ ಬೇರೆ ಕೆಲಸವಿಲ್ಲದೆ ಎದುರುಬದುರು ಕೂತದ್ದೇ ಇಲ್ಲ.

ಒಂದು ಅಕ್ಟೋಬರ್‌ನಲ್ಲಿ ನಿಲ್ದಾಣದ ಮಾಡು ಸೋರಿ, ದುರಸ್ತಿಗೆಂದು ಒಂದು ವಾರ ಅಂಗಡಿ ಮುಚ್ಚಬೇಕೆಂದು ರೈಲ್ವೆಯವರು ಹೇಳಿದರು. ಕೈಫೋನು ನಮ್ಮ ಬೆಟ್ಟದ ಕಡೆಗೆ ಇನ್ನೂ ಬಂದಿರದ ಕಾಲ ಅದು. ಅಂಗಡಿಯಲ್ಲಿ ಆ ಹೊತ್ತಿಗೆ ನಾನಿದ್ದೆ, ಒರಿಯಾನೊ ಇದ್ದ, ಬೆಳಗಿನಿಂದ ಒಂದೇ ಕಾಫಿಯ ಮೇಲೆ ಕಾಲ ಕಳೆಯುವ ಹಳೆಯ ಪೋಸ್ಟ್‌ಮ್ಯಾನ್ ಸೆತ್ತಿಮಿಯೊ ಇದ್ದ.

"ಒಳ್ಳೇದೇ ಆಯ್ತು, ಮನೇಲಿ ಮಲ್ಕೋ ಜೆಲಿಂದಾ," ಅಂದ ಸೆತ್ತಿಮಿಯೊ. "ಸೊಂಟಕ್ಕೆ ಆರಾಮ."

"ಮಲ್ಗೋದು ಸತ್ತ ಮೇಲೆ ಇದ್ದೇ ಇದೆ. ನಾನು ನೇಪಲ್ಸ್‌ಗೆ ಹೋಗ್ತೀನಿ."

"ನೇಪಲ್ಸ್‌ಗೆ? ಅಲ್ಲೇನಿದೆ ನಿಂಗೆ?"

"ಕಾಫಿ ಕುಡೀಬೇಕು."

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ದಕ್ಷಿಣದ ಕಡೆಯಿಂದ ಕೆಲಸಕ್ಕೆ ಬಂದ ಹಳಿ ಕೂಲಿಗಳು, ಸಿಪಾಯಿಗಳು, ಟಿಕೆಟ್ ನೋಡುವವರು, ಯಾರು ಬಂದರೂ ಅವಳ ಕಾಫಿ ಕುಡಿದು ಒಂದೇ ಮಾತು ಹೇಳುತ್ತಿದ್ದರು: "ಚೆನ್ನಾಗಿದೆ ಸಿನ್ಯೋರಾ, ಆದರೆ ನೇಪಲ್ಸ್‌ದು..." ಅಷ್ಟಕ್ಕೇ ನಿಲ್ಲಿಸಿ ಕೈ ಆಡಿಸುತ್ತಿದ್ದರು. "ಆ 'ಆದರೆ' ಆದ್ಮೇಲೆ ಏನು ಅಂತ ನಾನು ನೋಡ್ಬೇಕು," ಅಂದಳು ಜೆಲಿಂದಾ.

ಅಂದಿನಿಂದ ಅಂಗಡಿಯಲ್ಲಿ ಬೇರೆ ಮಾತೇ ಇಲ್ಲ. ಒಂದೇ ಓಟಕ್ಕೆ ನೇಪಲ್ಸ್ ತಲುಪಿದರೆ ಸೊಂಟ ಹಿಡಿಯುತ್ತದೆ, ನಡುವೆ ಇಳಿಯಬೇಕು ಎಂದಾಯಿತು. ಮೊದಲು ಫ್ಲಾರೆನ್ಸ್. ಎರಡನೆಯದಕ್ಕೆ ಜೆಲಿಂದಾ ಗೋಡೆಯ ಕಡೆಗೆ ಕೈ ತೋರಿಸಿದಳು. ವರ್ಷವೆಲ್ಲ ಅಲ್ಲಿ ನೇತಾಡಿದ ಕ್ಯಾಲೆಂಡರಿನಲ್ಲಿ ಒರ್ವಿಯೆತೊ ಊರಿನ ಚರ್ಚಿನ ಚಿತ್ರವಿತ್ತು. "ದಿನಾ ಅದರ ಮುಖ ನೋಡಿದೀನಿ, ಒಂದ್ಸಲ ಬಾಗಿಲಿಗೆ ಹೋಗದಿದ್ರೆ ಬೇಜಾರು ಮಾಡ್ಕೊಳತ್ತೆ."

ಒರಿಯಾನೊ ದಾರಿ ಹೇಳಿಕೊಟ್ಟ. "ವೇಗದ ಗಾಡಿ ಹತ್ಬೇಡ, ಅರ್ಧ ದಾರಿ ಸುರಂಗವೇ. ಹಳೇ ಲೈನಲ್ಲಿ ಹೋಗು. ತ್ರಾಸಿಮೇನೊ ಸರೋವರದ ಪಕ್ಕದಲ್ಲೇ ಹೋಗತ್ತೆ. ಎದುರುಬದುರು ಸೀಟು, ಕಿಟಕಿ ಇಳಿಸ್ಬಹುದು."

"ಎದುರುಬದುರಾ?"

"ಹೂಂ. ಮಂಡಿಗೆ ಮಂಡಿ ತಾಗತ್ತೆ."

"ಹಾಗಾದ್ರೆ ಅದೇ," ಅಂದಳು ಜೆಲಿಂದಾ.

ಅಷ್ಟರಲ್ಲಿ ಅದೆಲ್ಮೊ ಒಳಗೆ ಬಂದ. ಸುದ್ದಿ ಅವನಿಗಾಗಲೇ ಮುಟ್ಟಿತ್ತು. "ನೇಪಲ್ಸ್‌ಗೆ ಒಂದು ವಾರ ಯಾಕೆ? ಮುಂಜಾನೆ ಬಿಟ್ರೆ ಮಧ್ಯಾಹ್ನದ ಊಟಕ್ಕೆ ಅಲ್ಲಿ, ರಾತ್ರಿ ಊಟಕ್ಕೆ ಇಲ್ಲಿ."

"ಅದಕ್ಕೇ ನಿನ್ನ ಕಾರು ಬೇಡ ಅನ್ನೋದು."

"ಕಾರಿಗೇನಾಗಿದೆ?"

"ಕಾರಿಗೇನೂ ಆಗಿಲ್ಲ ಮಾರಾಯ. ನೀನು ನನ್ನ ಜೊತೆ ರೈಲಲ್ಲಿ ಬಾ. ಎದುರಿಗೆ ಕೂತ್ಕೋ. ಅಷ್ಟೇ ಕೇಳ್ತಿರೋದು."

ಅದೆಲ್ಮೊ ಸುತ್ತಲೂ ನೋಡಿದ. ಇಡೀ ಅಂಗಡಿ ಅವನ ಬಾಯನ್ನೇ ನೋಡುತ್ತಿತ್ತು. ಬೆಳಬೆಳಗ್ಗೆ ಅವನು ಕೆಣಕಿದವರೇ ಅಲ್ಲಿ ಅರ್ಧಕ್ಕರ್ಧ. ಹೂಂ ಎಂದರೆ ಸಾಯುವವರೆಗೆ ಬಿಡುತ್ತಿರಲಿಲ್ಲ. "ಹಿಂಗೆ ಮಾಡೋಣ," ಅಂದ. "ನೀನು ಕಬ್ಬಿಣದ ಮೇಲೆ ಹೋಗು, ನಾನು ರಸ್ತೆ ಮೇಲೆ ಬರ್ತೀನಿ. ಪ್ರತಿ ಊರಿನ ಸ್ಟೇಷನ್ ಮುಂದೆ ಸಿಗೋಣ. ನಾನೇ ಮೊದಲು ಬಂದು ನಿಂತಿರ್ತೀನಿ ನೋಡು."

"ಜಗತ್ತಿನಲ್ಲಿ ಹೆಂಡ್ತಿ ಜೊತೆ ಪಂದ್ಯ ಕಟ್ಟಿ ಪ್ರವಾಸ ಹೋದೋನು ನೀನೊಬ್ನೇ ಕಣೋ," ಅಂದ ಸೆತ್ತಿಮಿಯೊ.

ಮರುದಿನ ಜೆಲಿಂದಾ ಟಿಕೆಟ್ ಕಿಟಕಿಗೆ ಹೋಗಿ ಪ್ರತಿ ಓಟಕ್ಕೂ ಎರಡೆರಡು ಟಿಕೆಟ್ ಕೊಂಡಳು.

"ಇನ್ನೊಂದು ಯಾರಿಗೆ? ನನಗಾ?" ಸೆತ್ತಿಮಿಯೊ ಕೈ ಚಾಚಿದ.

"ನಿನ್ನ ಕೈಗೆ ಕೊಟ್ರೆ ಪಕ್ಕದ ಮನೆಗೆ ಹಾಕಿ ಬರ್ತೀಯ," ಎಂದು ಚೀಲಕ್ಕೆ ಸೇರಿಸಿದಳು.

ಆ ಟಿಕೆಟ್‌ಗಳ ಬಗ್ಗೆ ಒಂದು ಮಾತು ಹೇಳಬೇಕು. ಕೊಂಡ ಮಾತ್ರಕ್ಕೆ ಅವು ಓಡುವುದಿಲ್ಲ. ಗಾಡಿ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಹಳದಿ ಡಬ್ಬಿಯ ಬಾಯಿಗೆ ತುರುಕಿ ದಿನ, ಹೊತ್ತು ಮುದ್ರೆ ಒತ್ತಿಸಬೇಕು. ಒತ್ತದಿದ್ದರೆ ದಂಡ, ಒತ್ತಿಬಿಟ್ಟರೆ ಪ್ರಯಾಣ ಮಾಡಿದ ಲೆಕ್ಕ. ಹೊರಡುವ ಬೆಳಿಗ್ಗೆ ಜೆಲಿಂದಾ ನಮ್ಮ ನಿಲ್ದಾಣದ ಡಬ್ಬಿಯ ಮುಂದೆ ಎರಡೂ ಟಿಕೆಟ್ ಹಿಡಿದುಕೊಂಡು ಬಹಳ ಹೊತ್ತು ನಿಂತಳು. ಆಚೆ ರಸ್ತೆಯಲ್ಲಿ ಅದೆಲ್ಮೊ ನೀಲಿ ಕಾರಿನ ಹಾರನ್ ಬಾರಿಸಿ ಕೈ ಬೀಸಿ ಹೋದ. ಅವಳು ಒಂದನ್ನು ಮಾತ್ರ ಒತ್ತಿದಳು. ಮುಚ್ಚಿದ ಅಂಗಡಿಯ ಮುಂದೆ, ಫ್ಲಾಸ್ಕಿನಲ್ಲಿ ತಂದಿದ್ದ ಕಾಫಿಯನ್ನು ಒರಿಯಾನೊಗೆ ಕುಡಿಸಿ, ಕಪ್ ತೆಗೆದುಕೊಂಡು ತಾನೇ ಗಾಡಿ ಹತ್ತಿದಳು.

ಮುಂದಿನದನ್ನೆಲ್ಲ ನಾನು ಆ ಅಂಗಡಿಯ ಕಟ್ಟೆಗೆ ಒರಗಿ ಕೇಳಿದ್ದು. ಜೆಲಿಂದಾ ಹೇಳುತ್ತಿದ್ದರೆ ಅದೆಲ್ಮೊ ನಡುವೆ ಬಾಯಿ ಹಾಕಿ, "ಅದು ಹಂಗಲ್ಲ" ಎನ್ನುತ್ತಿದ್ದ. ಎಷ್ಟು ಸಲ ಕೇಳಿದರೂ ಕಥೆ ಮಾತ್ರ ಬದಲಾಗಲಿಲ್ಲ.

ಬೊಲೊನ್ಯಾದಲ್ಲಿ ಗಾಡಿ ಬದಲಿಸಬೇಕಿತ್ತು. ಫ್ಲಾರೆನ್ಸ್ ಗಾಡಿ ಆಗಲೇ ಬಂದು ನಿಂತಿತ್ತು. ಅಲ್ಲೇ ಎದುರಿಗೆ ಕಾಫಿ ಅಂಗಡಿ. ತನ್ನ ಕಸುಬಿನವರ ಅಂಗಡಿ ನೋಡದೆ ಹೋಗುವುದು ಹೇಗೆ ಎಂದು ಜೆಲಿಂದಾ ಒಂದು ಕಾಫಿ ಹೇಳಿದಳು. ಕಪ್ ಹಿಡಿದು ಬಾಗಿಲಿಗೆ ಬಂದು, ಚಾಲಕನಿಗೆ ಕಾಣುವ ಹಾಗೆ ಎತ್ತಿ ತೋರಿಸಿದಳು. ಎರಡೇ ಗುಟುಕು, ಬಂದೆ ಎಂಬಂತೆ. ಚಾಲಕ ಇತ್ತ ನೋಡಲಿಲ್ಲ. ಬಾಗಿಲುಗಳು ಮುಚ್ಚಿಕೊಂಡವು. ಕಾಫಿ ಇನ್ನೂ ಬಿಸಿಯಾಗಿರುವಾಗಲೇ ಗಾಡಿ ಅವಳ ಮುಂದಿನಿಂದ ಸರಿದು ಹೋಯಿತು.

"ಹೋಗ್ಬಿಡ್ತು," ಅಂದಳಂತೆ ಜೆಲಿಂದಾ, ಅಂಗಡಿಯ ಹುಡುಗಿಗೆ. "ನನ್ನ ಕೈಯಲ್ಲಿ ಕಪ್ ಇತ್ತು, ಆದ್ರೂ ಹೋಗ್ಬಿಡ್ತು!"

"ಕಪ್ ಇದ್ರೆ ಏನು ಸಿನ್ಯೋರಾ?" ಆ ಹುಡುಗಿಗೆ ಅರ್ಥವಾಗಲಿಲ್ಲ. "ಅದನ್ನ ಇಲ್ಲಿ ಇಟ್ಟು ಹೋಗಿ."

ಅವಳು ಮುಂದಿನ ಗಾಡಿಯಲ್ಲಿ ಹೋದಳು. ಫ್ಲಾರೆನ್ಸ್ ನಿಲ್ದಾಣದ ಮುಂದೆ ಅದೆಲ್ಮೊ ಎದೆ ಸೆಟೆಸಿಕೊಂಡು ನಿಂತಿದ್ದ. "ಏನು, ನಿಮ್ಮ ರೈಲು ತಡವಾಯ್ತಾ? ಪಾಪ! ನನ್ನ ಕಾರು ನೋಡು, ಒಂದಿನಕ್ಕಾದ್ರೂ ನನ್ನ ಬಿಟ್ಟು ಹೋಗಿದ್ಯಾ?"

ಗಾಡಿ ತಡವಾಗಲಿಲ್ಲ, ನಾನೇ ತಪ್ಪಿಸಿಕೊಂಡೆ ಎಂದು ಹೇಳಲು ಜೆಲಿಂದಾ ಬಾಯಿ ತೆರೆದಳು. ಯಾಕೋ ಮುಚ್ಚಿಕೊಂಡಳು.

ಫ್ಲಾರೆನ್ಸ್‌ನಲ್ಲಿ ಒಂದು ದಿನ ಉಳಿದರು. ಕಾರಿಗೆ ಜಾಗ ಸಿಗದೆ ಪರದಾಡಿದ ಅದೆಲ್ಮೊ ಕೊನೆಗೆ ಅದನ್ನು ತಂಗಿದ್ದ ಮನೆಯ ಹಿತ್ತಲಲ್ಲಿ, ಅಂಜೂರದ ಮರದ ಕೆಳಗೆ ನಿಲ್ಲಿಸಿದ್ದ. ಚಿತ್ರಗಳಿರುವ ಚರ್ಚಿನೊಳಗೆ ಜೆಲಿಂದಾ ಕತ್ತೆತ್ತಿ ನೋಡುತ್ತಿದ್ದರೆ ಅವನು, "ಹಕ್ಕಿಗಳು ಗಲೀಜು ಮಾಡ್ತಾವೇನೋ, ಒಂದ್ಸಲ ನೋಡಿ ಬರ್ಲಾ?" ಎನ್ನುತ್ತಿದ್ದ. ನದಿಯ ಸೇತುವೆಯ ಮೇಲೆ ಅವಳು ತಿರುಗಿ ಏನೋ ಹೇಳಿದಾಗ ಪಕ್ಕದಲ್ಲಿ ಅವನಿರಲಿಲ್ಲ. ಕೆಟ್ಟು ನಿಂತ ಯಾರದೋ ಸ್ಕೂಟರಿನ ಪಕ್ಕ ಮಂಡಿಯೂರಿದ್ದ.

ಮರುದಿನ ಬೆಳಿಗ್ಗೆ ಒರ್ವಿಯೆತೊ ಗಾಡಿ. ಪೆಟ್ಟಿಗೆ ಭಾರವೆಂದು ಅದೆಲ್ಮೊ ತಾನೇ ಹೊತ್ತು ತಂದ. ಅವಳನ್ನು ಹತ್ತಿಸಿ, ತಾನು ವಾಪಸ್ ಹೋಗಿ ಕಾರಿನಲ್ಲಿ ಒರ್ವಿಯೆತೊಗೆ ಬರುವುದೆಂದು ಮಾತಾಗಿತ್ತು. ಪ್ಲಾಟ್‌ಫಾರ್ಮಿನಲ್ಲಿ ಜೆಲಿಂದಾ ಎರಡು ಹೆಜ್ಜೆ ಹಿಂದೆ ಉಳಿದಳು. ಅವನು ಪೆಟ್ಟಿಗೆಯನ್ನು ಗಾಡಿಯೊಳಗೆ ಏರಿಸಲು ಒದ್ದಾಡುತ್ತಿದ್ದ. ಹಳದಿ ಡಬ್ಬಿ ಅವಳ ಮಗ್ಗುಲಲ್ಲೇ ಇತ್ತು. ಒಂದು ಟಿಕೆಟ್ ತುರುಕಿದಳು, ಟಕ್. ಒಂದು ಕ್ಷಣ ನಿಂತಳು. ಎರಡನೆಯದನ್ನೂ ತುರುಕಿದಳು.

ಒಳಗೆ ಅವನು ಪೆಟ್ಟಿಗೆಯನ್ನು ಮೇಲಿನ ಹಲಗೆಗೆ ಎತ್ತಿಟ್ಟು ಏದುಸಿರು ಬಿಡುತ್ತಿದ್ದ. "ಏನು ಕಲ್ಲು ತುಂಬ್ಕೊಂಡಿದ್ದೀಯಾ ಇದರಲ್ಲಿ?"

"ನಿನ್ನ ಅಂಗಿಗಳೇ. ಕೂತ್ಕೋ, ಬೆವರು ಆರ್ಲಿ."

"ಹೋಗ್ಬೇಕು ನಾನು. ಕಾರು..."

"ಕಾರು ಎಲ್ಲಿಗೆ ಓಡಿಹೋಗತ್ತೆ? ಒಂದು ನಿಮಿಷ ಕೂತ್ಕೋ. ರೈಲು ಕಾಯತ್ತೆ."

ಜೀವಮಾನವಿಡೀ ನಿಜವಾಗಿದ್ದ ಮಾತು. ಅಂದು ಮೊದಲ ಸಲ ಅವಳು ಅದನ್ನು ಸುಳ್ಳೆಂದು ತಿಳಿದೇ ಆಡಿದಳು.

ಅದೆಲ್ಮೊಗೆ ಏನು ಗೊತ್ತು? ಅವನು ಬಲ್ಲದ್ದು ಒಂದೇ ನಿಲ್ದಾಣ, ಒಂದೇ ರೈಲು. ಹೊರಡಬೇಕಾದರೆ ಜೆಲಿಂದಾ ಹೇಳಬೇಕು ಎಂಬುದು ಅವನಿಗೆ ಸೂರ್ಯ ಮೂಡಿದಷ್ಟೇ ಸಹಜ. ಆರಾಮವಾಗಿ ಕೂತ. ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ. ಬಾಗಿಲು ಮುಚ್ಚಿತು. ಕಿಟಕಿಯಾಚೆ ಕಂಬವೊಂದು ನಿಧಾನವಾಗಿ ಹಿಂದಕ್ಕೆ ಹೋಯಿತು. ಅವನು ಅದನ್ನು ನೋಡಿದ. ಎರಡನೆಯ ಕಂಬವೂ ಹೋದ ಮೇಲೆ ದಡಕ್ಕನೆ ಎದ್ದ.

"ಏಯ್! ನಾನಿನ್ನೂ ಇಳಿದಿಲ್ಲ! ಏಯ್, ಡ್ರೈವರ್!" ಎಂದು ಕಿಟಕಿ ಬಡಿದ. "ಜೆಲಿಂದಾ, ಹೇಳೇ ಅವನಿಗೆ!"

"ನಾನ್ ಹೇಳಿದ್ರೆ ಇವನು ಕೇಳಲ್ಲ," ಅಂದಳು ಜೆಲಿಂದಾ ಮೆಲ್ಲಗೆ.

ಪಕ್ಕದಲ್ಲಿ ಹೆಣಿಗೆ ಹಾಕುತ್ತಿದ್ದ ಮುದುಕಿಯೊಬ್ಬಳು ತಲೆ ಎತ್ತಿದಳು. "ಪೆಟ್ಟಿಗೆ ಇಡೋಕೆ ಬಂದಿದ್ರಾ? ನಮ್ಮ ಭಾವನಿಗೂ ಹಿಂಗೇ ಆಗಿತ್ತು. ಮನೆಯೊಳಗೆ ಹಾಕೋ ಚಪ್ಪಲಿಯಲ್ಲೇ ವೆನಿಸ್‌ಗೆ ಹೋದ."

ಟಿಕೆಟ್ ನೋಡುವ ಹೆಂಗಸು ಬಂದಳು. ಅದೆಲ್ಮೊ ಅವಳಿಗಾಗಿಯೇ ಕಾಯುತ್ತಿದ್ದವನಂತೆ ಎರಡೂ ಕೈ ಮೇಲೆತ್ತಿದ. "ನನ್ನ ಹತ್ರ ಟಿಕೆಟ್ ಇಲ್ಲ. ಇಳಿಸ್ಬಿಡಿ. ದಂಡ ಹಾಕಿ, ಏನ್ ಬೇಕಾದ್ರೂ ಮಾಡಿ, ಇಲ್ಲೇ ಇಳಿಸಿ."

ಜೆಲಿಂದಾ ಚೀಲ ತೆರೆದು ಎರಡು ಟಿಕೆಟ್ ಕೊಟ್ಟಳು.

ಆ ಹೆಂಗಸು ತಿರುಗಿಸಿ ನೋಡಿದಳು. "ಎರಡಕ್ಕೂ ಮುದ್ರೆ ಇದೆಯಲ್ಲ. ಫ್ಲಾರೆನ್ಸ್, ಒಂದೇ ಹೊತ್ತು. ಸರಿಯಾಗಿದೆ ಯಜಮಾನ್ರೆ, ಗಾಬರಿ ಯಾಕೆ?"

ಅದೆಲ್ಮೊ ಎತ್ತಿದ ಕೈ ಇಳಿಸಿದ. "ಒಂದೇ ಹೊತ್ತಾ?"

ನಿಲ್ದಾಣದ ಮಗ್ಗುಲಲ್ಲಿ ಬದುಕಿದವನು. ಆ ಹಳದಿ ಡಬ್ಬಿ ಕೆಟ್ಟಾಗಲೆಲ್ಲ ಸ್ಕ್ರೂಡ್ರೈವರ್ ಹಾಕಿ ಸರಿಮಾಡಿದವನೇ ಅವನು. ಮುದ್ರೆಯ ಅರ್ಥ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಕಾರು ಫ್ಲಾರೆನ್ಸಲ್ಲಿ ಬಿಟ್ಟು ಬಂದಿದೀನಿ," ಅಂದ, ಟಿಕೆಟಿನ ಹೆಂಗಸಿಗೆ, ಹೆಂಡತಿಯ ಕಡೆ ನೋಡದೆ. "ವಾಪಸ್ ಹೋಗೋಕೆ ಯಾವ ಗಾಡಿ?"

"ಅರೆತ್ಸೊದಲ್ಲಿ ಇಳಿದ್ರೆ ಸುಮ್ನೆ ಕಾಯ್ತಾ ಕೂರ್ಬೇಕು. ಕಿಯೂಸಿವರೆಗೆ ಬನ್ನಿ. ಎದುರು ಪ್ಲಾಟ್‌ಫಾರ್ಮಲ್ಲೇ ಫ್ಲಾರೆನ್ಸ್ ಗಾಡಿ ನಿಂತಿರತ್ತೆ."

ಅವಳು ಹೋದ ಮೇಲೆ ಇಬ್ಬರೂ ಕೂತರು. ಎದುರುಬದುರು, ಮಂಡಿಗೆ ಮಂಡಿ ತಾಗುವಂತೆ. ಒರಿಯಾನೊ ಹೇಳಿದ್ದು ಸುಳ್ಳಾಗಿರಲಿಲ್ಲ. ಜೆಲಿಂದಾ ಬಯಸಿದ್ದು ಸಿಕ್ಕಿತ್ತು, ಆದರೆ ಆ ಮುಖ ಕಿಟಕಿಯ ಕಡೆಗೆ ಗಂಟು ಹಾಕಿಕೊಂಡಿತ್ತು. ತಿರುವು ಬಂದಾಗಲೆಲ್ಲ ಅವನ ಬಲಗಾಲು ನೆಲವನ್ನು ಒತ್ತುತ್ತಿತ್ತು, ಬ್ರೇಕಿನ ಮೇಲಿದ್ದಂತೆ.

ಅರೆತ್ಸೊ ದಾಟಿದ ಮೇಲೆ ಅವನೇ ಬಾಯಿ ಬಿಟ್ಟ. "ಬೇಕಂತಲೇ ಮಾಡಿದೆ."

"ಹೂಂ."

"ರೈಲು ಕಾಯಲ್ಲ ಅಂತ ಗೊತ್ತಿತ್ತು."

"ಮೊನ್ನೆವರೆಗೂ ಗೊತ್ತಿರ್ಲಿಲ್ಲ." ಅವಳು ಬೊಲೊನ್ಯಾದ ಕಥೆ ಹೇಳಿದಳು. ಕಪ್ ಎತ್ತಿ ತೋರಿಸಿದ್ದು, ಚಾಲಕ ನೋಡದೆ ಹೋದದ್ದು, ಹುಡುಗಿ ಕಪ್ ಕೇಳಿದ್ದು. "ನಾಚಿಕೆ ಆಯ್ತು, ಹೇಳ್ಲಿಲ್ಲ. ಬೆಳಿಗ್ಗೆ ನೀನು ಪೆಟ್ಟಿಗೆ ಎತ್ತೋದು ನೋಡ್ತಿದ್ದೆ. ಟಿಕೆಟು ಕೈಯಲ್ಲಿತ್ತು. ಒತ್ಬಿಟ್ಟೆ."

"ಕೇಳ್ಬಹುದಿತ್ತು ನೀನು."

"ಕೇಳಿದ್ನಲ್ಲ. ಎಲ್ಲರ ಮುಂದೆ ಕೇಳಿದ್ದೆ. ಪಂದ್ಯ ಕಟ್ಟಿದೆ ನೀನು." ಅವಳ ಧ್ವನಿ ಏರಲಿಲ್ಲ. "ಅದೆಲ್ಮೊ, ನಾವಿಬ್ರೂ ಎಷ್ಟು ವರ್ಷದಿಂದ ಒಂದೇ ಕಡೆ ನೋಡ್ಕೊಂಡು ಕೂತಿದೀವಿ. ನಂಗೆ ನಿನ್ನ ಮುಖ ನೋಡ್ಬೇಕಾಗಿತ್ತು. ಕಾಫಿ ಒಂದು ನೆಪ. ಮೋಸ ಮಾಡಿದ್ದು ತಪ್ಪು, ಒಪ್ಕೊಂಡೆ. ಕಿಯೂಸಿಯಲ್ಲಿ ಇಳಿದು ಹೋಗು. ನಾನು ತಡೆಯಲ್ಲ."

ಹೆಣಿಗೆಯ ಮುದುಕಿ ಕಡ್ಡಿ ಆಡಿಸುವುದನ್ನು ನಿಲ್ಲಿಸಿದ್ದಳು. ಇವರು ತಿರುಗಿ ನೋಡಿದಾಗ ಮತ್ತೆ ಶುರು ಮಾಡಿದಳು.

ಜೆಲಿಂದಾ ಎದ್ದು ಬುತ್ತಿ ಬಿಚ್ಚಿದಳು. ಹೊತ್ತಾಗಿತ್ತು, ಜಗಳವಾದರೂ ಊಟದ ಹೊತ್ತು ಊಟದ ಹೊತ್ತೇ. ಮೊಣಕಾಲಿನ ಮೇಲೆ ಬಟ್ಟೆ ಹಾಸಿ, ತಂಗಿದ್ದ ಮನೆಯಲ್ಲಿ ಬೆಳಿಗ್ಗೆ ಕಟ್ಟಿಕೊಂಡಿದ್ದ ರೊಟ್ಟಿ, ಮೆತ್ತನೆಯ ಚೀಸು, ಬಾಡಿಸಿದ ಸೊಪ್ಪು ಇಟ್ಟಳು. ಮುದುಕಿಗೂ ಒಂದು ತುಂಡು ಕೊಟ್ಟಳು. ಅದೆಲ್ಮೊ ಮೊದಲು ಬೇಡವೆಂದ. ಆಮೇಲೆ ತೆಗೆದುಕೊಂಡ. ಎರಡೂ ಕೈಯಲ್ಲಿ ರೊಟ್ಟಿ ಹಿಡಿದು ತಿನ್ನತೊಡಗಿದ. ದಾರಿಯಲ್ಲಿ ಅವನು ಎರಡು ಕೈಯಲ್ಲಿ ತಿಂದದ್ದನ್ನು ಅವಳು ಕಂಡದ್ದು ಅಂದೇ ಮೊದಲು. ಯಾವಾಗಲೂ ಒಂದು ಕೈ ಸ್ಟೀರಿಂಗಿಗೆ ಮೀಸಲಾಗಿತ್ತು.

ಆಗ ಕಿಟಕಿಯಾಚೆ ಹೊಲಗಳು ಹಿಂದೆ ಸರಿದು ನೀರು ಬಂತು. ದಡವೇ ಕಾಣದಷ್ಟು ನೀರು, ಅದರ ಮೇಲೆ ತೆಳು ಮಂಜು, ನಡುವೆ ಒಂದು ದ್ವೀಪ.

ಅದೆಲ್ಮೊ ಅಗಿಯುವುದನ್ನು ನಿಲ್ಲಿಸಿದ. "ಇದೆಲ್ಲಿಂದ ಬಂತು? ರೋಮ್‌ಗೆ ಹೋದಾಗ ಇಲ್ಲೇ ಎಲ್ಲೋ ಹೋಗಿದ್ವಿ. ಸರೋವರ ಇರ್ಲಿಲ್ಲ."

"ಇತ್ತು ಮಾರಾಯ. ನಿಂಗೆ ಲೈಸೆನ್ಸ್ ಸಿಗೋಕೆ ಮುಂಚಿನಿಂದಲೂ ಇತ್ತು."

ಮುದುಕಿ ಕಿಸಕ್ಕೆಂದಳು. ಅದೆಲ್ಮೊ ನಗಲಿಲ್ಲ, ಆದರೆ ನೀರು ಮುಗಿಯುವವರೆಗೂ ಕಿಟಕಿಯಿಂದ ಕಣ್ಣು ಕೀಳಲಿಲ್ಲ.

ಕಿಯೂಸಿ ಬಂತು. ವೇಗದ ಗಾಡಿಯೊಂದು ಹಿಂದಿನಿಂದ ಬರುತ್ತಿದೆ, ಅದನ್ನು ಮುಂದೆ ಬಿಡಬೇಕು, ಅಲ್ಲಿವರೆಗೆ ನಿಲ್ಲುತ್ತದೆ ಎಂದು ಟಿಕೆಟಿನ ಹೆಂಗಸು ಕೂಗಿ ಹೇಳಿದಳು. ಎದುರಿಗೆ ಫ್ಲಾರೆನ್ಸ್ ಗಾಡಿ ನಿಂತಿತ್ತು. ಅದೆಲ್ಮೊ ಎದ್ದ. ಕೋಟಿನ ಜೇಬು ತಟ್ಟಿ ಕಾರಿನ ಕೀಲಿ ಇದೆಯೇ ಎಂದು ನೋಡಿಕೊಂಡ. ಅದು ಝಣಗುಟ್ಟಿತು. ಇಳಿದ.

ಜೆಲಿಂದಾ ಬುತ್ತಿಯ ಬಟ್ಟೆ ಮಡಿಸಿದಳು. ಕಿಟಕಿಯಿಂದ ಅವನ ಬೆನ್ನು ಕಂಡಿತು, ಅದು ಪ್ಲಾಟ್‌ಫಾರ್ಮಿನ ಜನರ ನಡುವೆ ಸೇರಿಹೋಯಿತು. ಕೂಗಿ ಕರೆಯಬಹುದಿತ್ತು. 'ತಡೆಯಲ್ಲ' ಎಂದು ಹೇಳಿಯಾಗಿತ್ತು. ಫ್ಲಾರೆನ್ಸ್ ಗಾಡಿ ಸೀಟಿ ಹಾಕಿ ಹೊರಟಿತು. ಅದರ ಕೊನೆಯ ಡಬ್ಬಿ ಹೋದ ಮೇಲೆ ಪ್ಲಾಟ್‌ಫಾರ್ಮ್ ಖಾಲಿ. ಒಂದು ನಾಯಿ ಮಾತ್ರ.

"ಗಂಡಸರು," ಅಂದಳು ಮುದುಕಿ. ಉಣ್ಣೆಯ ಉಂಡೆ ಸುತ್ತಿದಳು.

ಜೆಲಿಂದಾ ಎದುರಿನ ಸೀಟಿನ ಮೇಲಿದ್ದ ರೊಟ್ಟಿಯ ಚೂರುಗಳನ್ನು ಒರೆಸಿದಳು. ಅಷ್ಟರಲ್ಲಿ ಡಬ್ಬಿಯ ಆ ತುದಿಯ ಬಾಗಿಲಲ್ಲಿ ಯಾರೋ ಯಾರನ್ನೋ ಬೈದ ಸದ್ದು. "ಸ್ವಲ್ಪ ದಾರಿ ಬಿಡ್ರೀ, ಚೆಲ್ಲತ್ತೆ!" ಅದೆಲ್ಮೊ ಅಡ್ಡಡ್ಡ ಹೆಜ್ಜೆ ಹಾಕುತ್ತ ಬರುತ್ತಿದ್ದ. ಒಂದು ಕೈಯಲ್ಲಿ ಸಾಸರಿನ ಮೇಲೆ ಕಾಫಿ ಕಪ್, ಇನ್ನೊಂದು ಕೈ ಅದಕ್ಕೆ ಮರೆ.

"ಬೇಗ ಕುಡಿ," ಅಂದ ಏದುಸಿರಿನಲ್ಲಿ. "ಕಪ್ ವಾಪಸ್ ಕೊಡ್ಬೇಕಂತೆ. ಈ ರೈಲು ಕಾಯಲ್ಲ."

ಅವಳು ಕಪ್ ತೆಗೆದುಕೊಂಡಳು. ಆತುರಕ್ಕೆ ಅರ್ಧ ಸಾಸರಿಗೆ ಚೆಲ್ಲಿತು. ಉಳಿದ ಒಂದು ಗುಟುಕು ಕುಡಿದಳು. ಅವನು ಕಪ್ ಕಸಿದುಕೊಂಡು ಓಡಿದ. ವೇಗದ ಗಾಡಿ ಗಾಳಿ ಎಬ್ಬಿಸುತ್ತ ಹಾದುಹೋಯಿತು. ಬಾಗಿಲು ಮುಚ್ಚುವ ಮುಂಚೆ ಅವನು ಮೆಟ್ಟಿಲು ಹತ್ತಿದ್ದನ್ನು ಮುದುಕಿಯೇ ಮೊದಲು ನೋಡಿ, "ಬಂದ!" ಎಂದು ಕೂಗಿದಳು.

ಅವನು ಎದುರಿಗೆ ಕೂತ. ಬಹಳ ಹೊತ್ತು ಉಸಿರು ಸುಧಾರಿಸಿಕೊಂಡ. "ಅಂಜೂರದ ಮರದ ನೆರಳಲ್ಲಿದೆ," ಅಂದ ಕೊನೆಗೆ. "ಕಾರಿಗೇನೂ ಆಗಲ್ಲ." ಆಮೇಲೆ, "ಕಾಫಿ ಹೆಂಗಿತ್ತು?"

"ಕೆಟ್ಟದಾಗಿತ್ತು," ಅಂದಳು ಜೆಲಿಂದಾ, ಕಣ್ಣೊರೆಸಿಕೊಂಡು. "ಸೀದು ಹೋಗಿತ್ತು."

ಉಳಿದ ಊರುಗಳ ವಿಷಯ ಹೆಚ್ಚಿಲ್ಲ. ಒರ್ವಿಯೆತೊದ ಚರ್ಚು ಕ್ಯಾಲೆಂಡರಿನದಕ್ಕಿಂತ ದೊಡ್ಡದಾಗಿತ್ತು. ಅಲ್ಲಿಂದ ಅದೆಲ್ಮೊ ಫ್ಲಾರೆನ್ಸ್‌ನ ಮನೆಯವರಿಗೆ ಫೋನ್ ಮಾಡಿ, ಕಾರನ್ನು ಯಾರೂ ಮುಟ್ಟಬಾರದೆಂದು ಹೇಳಿದ. ನೇಪಲ್ಸ್‌ನಲ್ಲಿ ಜೆಲಿಂದಾ ನಿಂತುಕೊಂಡೇ ಎರಡು ಕಾಫಿ ಕುಡಿದಳು. ಹೇಗಿತ್ತೆಂದು ಊರಲ್ಲಿ ಯಾರು ಕೇಳಿದರೂ, "ಚೆನ್ನಾಗಿತ್ತು, ಆದರೆ..." ಎಂದು ಕೈ ಆಡಿಸುತ್ತಾಳೆ. ಅದೆಲ್ಮೊ ಇಡೀ ದಾರಿ ಚಾಲಕರ ಬ್ರೇಕ್ ಹಾಕುವ ರೀತಿ ಸರಿಯಿಲ್ಲವೆಂದು ಗೊಣಗಿದ. ಆದರೆ ಪೆಟ್ಟಿಗೆ ಮೇಲಿಟ್ಟವನು ತಕ್ಷಣ ಕೂತುಕೊಳ್ಳುತ್ತಿದ್ದ.

ಫ್ಲಾರೆನ್ಸ್‌ಗೆ ಮರಳಿದಾಗ ಕಾರಿನ ಮೇಲೆ ಹಳದಿ ಎಲೆಗಳು ಬಿದ್ದಿದ್ದವು. ಕಾರನ್ನು ಅಲ್ಲಿಂದ ಮನೆಗೆ ತರಲೇಬೇಕಿತ್ತು. ಜೆಲಿಂದಾಳ ಚೀಲದಲ್ಲಿ ಊರಿಗೆ ಮರಳುವ ಎರಡು ಟಿಕೆಟ್ ಇನ್ನೂ ಮುದ್ರೆಯಿಲ್ಲದೆ ಉಳಿದಿದ್ದವು. ಅವಳು ಅವನ್ನು ಹೊರಗೆ ತೆಗೆಯದೆ ಕಾರಿನ ಮುಂದಿನ ಬಾಗಿಲು ತೆರೆದು ಅವನ ಪಕ್ಕ ಕೂತಳು. ಮತ್ತೆ ಅದೇ ಬಲಗಿವಿ, ಅದೇ ಮಚ್ಚೆ.

ಬೆಟ್ಟ ಹತ್ತಿ, ನಮ್ಮ ಸೀಮೆಯ ಕಣಿವೆಗಳು ಕಾಣುವ ತಿರುವಿನಲ್ಲಿ ಅದೆಲ್ಮೊ ಕಾರು ನಿಲ್ಲಿಸಿದ. ಇಂಜಿನ್ ಆರಿಸಿದ.

"ಏನಾಯ್ತು?" ಅಂದಳು ಜೆಲಿಂದಾ. "ಏನಾದ್ರೂ ಸದ್ದು ಬಂತಾ?"

"ಇಲ್ಲ," ಅಂದ ಅವನು. ಸ್ಟೀರಿಂಗಿನಿಂದ ಎರಡೂ ಕೈ ತೆಗೆದು, ಸೀಟಿನಲ್ಲೇ ಕಷ್ಟಪಟ್ಟು ಪೂರ್ತಿ ಅವಳ ಕಡೆಗೆ ತಿರುಗಿ ಕೂತ. "ಸುಮ್ನೆ."